ಹೆಸರು ಕೈ ಬದಲಾದ ಮೇಲೆ

ಕೋವಿಡ್ ದಿನಗಳಲ್ಲಿ ಬೆರಳ ತುದಿಗೆ ಸಿಕ್ಕಿಸಿಕೊಂಡು, ಉಸಿರು ಬಿಗಿಹಿಡಿದು ನಂಬರ್ ನೋಡುತ್ತಿದ್ದೆವಲ್ಲ, ಆ ಪಲ್ಸ್ ಆಕ್ಸಿಮೀಟರ್ ನೆನಪಿದೆಯಾ? ಆಸ್ಪತ್ರೆಗಳಿಗೆ ಅಂಥ ಉಪಕರಣ ಮಾಡಿಕೊಡುವ ದೊಡ್ಡ ಕಂಪನಿಗಳಲ್ಲಿ ಅಮೆರಿಕದ ಮಾಸಿಮೊ ಒಂದು. 2022ರಲ್ಲಿ ಈ ಮಾಸಿಮೊ 100 ಕೋಟಿ ಡಾಲರಿಗೂ ಸ್ವಲ್ಪ ಹೆಚ್ಚೇ ಕೊಟ್ಟು ಸೌಂಡ್ ಯುನೈಟೆಡ್ ಅನ್ನೋ ಆಡಿಯೊ ಕಂಪನಿಯನ್ನು ಕೊಂಡುಕೊಂಡಿತು. ಆ ಗಂಟಿನೊಳಗೆ ಮರಾಂಟ್ಜ್ ಇತ್ತು, ಡೆನಾನ್ ಇತ್ತು, ಬೋವರ್ಸ್ ಅಂಡ್ ವಿಲ್ಕಿನ್ಸ್ ಇತ್ತು. ಮೂರು ವರ್ಷಕ್ಕೆ ಆಸೆ ತೀರಿತು. 2025ರಲ್ಲಿ ಅದೇ ಗಂಟನ್ನು 35 ಕೋಟಿ ಡಾಲರಿಗೆ ಹರ್ಮನ್‌ಗೆ ಮಾರಿತು. ಹರ್ಮನ್ ಯಾರದ್ದು? 2017ರಿಂದ ಸ್ಯಾಮ್‌ಸಂಗ್‌ನದ್ದು.

ಶೇರುಪೇಟೆಯವರಿಗೆ ಇದು ಒಂದು ದಿನದ ಸುದ್ದಿ. ಆದರೆ ಮರಾಂಟ್ಜ್ ಅನ್ನೋ ಹೆಸರು ಕೇಳಿದ ಕೂಡಲೇ ಮನಸ್ಸಿನಲ್ಲಿ ಒಂದು ನೀಲಿ ದೀಪ ಹೊತ್ತಿಕೊಳ್ಳುವ ಜನ ಇದ್ದಾರೆ. ಎಪ್ಪತ್ತರ ದಶಕದ ಅವರ ರಿಸೀವರ್‌ಗಳ ಡಯಲ್ ಆ ಬಣ್ಣದ್ದು. ಸ್ಟೇಷನ್ ಹುಡುಕೋಕೆ ತಿರುಪುವ ಗುಂಡಿ ಇರಲಿಲ್ಲ, ಅಡ್ಡಲಾಗಿ ಕೂರಿಸಿದ ಒಂದು ಗಾಲಿ ಇತ್ತು. ಬೆರಳಲ್ಲಿ ನೂಕಿದರೆ ತೂಕವಾಗಿ, ನುಣ್ಣಗೆ ಜಾರುತ್ತಿತ್ತು. ಇಂಥವರಿಗೆ ಈ ಸುದ್ದಿ ಓದಿದಾಗ ಹುಟ್ಟುವ ಪ್ರಶ್ನೆ ಬೇರೆ. ನಾವು ಇಷ್ಟು ವರ್ಷ ನಿಷ್ಠರಾಗಿದ್ದದ್ದು ಯಾರಿಗೆ?

ನಗಬೇಡಿ. ಒಂದು ಮಷೀನಿನ ಹೆಸರಿಗೆ ನಿಷ್ಠೆ ಅನ್ನೋ ದೊಡ್ಡ ಪದ ಅತಿಯಾಯ್ತು ಅನ್ನಿಸಬಹುದು. ಆದರೆ ನಮ್ಮ ಮನೆಗಳನ್ನೇ ನೋಡಿ. ಸ್ಕೂಟರ್ ಅಂದ್ರೆ ಬಜಾಜ್, ವಾಚ್ ಅಂದ್ರೆ ಎಚ್‌ಎಂಟಿ, ಕಾಫಿಪುಡಿ ಅಂದ್ರೆ ಆ ಬೀದಿ ಕೊನೆಯ ಅಂಗಡಿಯದ್ದೇ. ಇದೆಲ್ಲ ಬರೀ ಅಭ್ಯಾಸ ಅಂತ ತಳ್ಳಿಹಾಕೋಕೆ ಆಗಲ್ಲ. ಅಭ್ಯಾಸ ಬಿಟ್ಟರೆ ಕೈಗೆ ಕಸಿವಿಸಿ ಆಗುತ್ತೆ, ಅಷ್ಟೇ. ಇವನ್ನು ಬಿಟ್ಟರೆ ಮನಸ್ಸಿಗೆ ಏನೋ ತಪ್ಪು ಮಾಡಿದ ಹಾಗೆ ಚುಚ್ಚುತ್ತೆ. ಆ ಚುಚ್ಚುವಿಕೆಗೆ ಆಧಾರ ಇದೆಯಾ, ಇಲ್ಲವಾ ಅನ್ನೋದೇ ಇಲ್ಲಿಯ ವಿಚಾರ.

ನನ್ನ ಗೆಳೆಯನೊಬ್ಬ ದೊಡ್ಡಬಳ್ಳಾಪುರದವನು. ಅವರಪ್ಪನದು ನಾಲ್ಕು ಪವರ್‌ಲೂಮ್‌ಗಳ ಸಣ್ಣ ಕಸುಬು, ರೇಷ್ಮೆ ಸೀರೆ. ಆ ಊರಿನ ಕೆಲವು ಬೀದಿಗಳಲ್ಲಿ ನಡೆದವರಿಗೆ ಗೊತ್ತು, ಒಂದೊಂದು ಬಾಗಿಲಿನಿಂದಲೂ ಒಂದೇ ಸಮ ಲಟಪಟ ಸದ್ದು. ಮನೆಯವರು ಮಾಮೂಲಿ ಮಾತನ್ನೂ ಕೂಗಿಯೇ ಆಡುತ್ತಾರೆ. ಹಗಲಿಡೀ ಆ ಸದ್ದಿನಲ್ಲಿ ನಿಂತ ಮನುಷ್ಯ ರಾತ್ರಿ ಮಗ್ಗ ನಿಲ್ಲಿಸಿ, ಊಟ ಮುಗಿಸಿ, ಮರಾಂಟ್ಜ್ ಹಾಕಿಕೊಂಡು ಕೂರುತ್ತಿದ್ದರು. ಅಮೆರಿಕದಿಂದ ವಾಪಸ್ ಬಂದ ಸಂಬಂಧಿಕರೊಬ್ಬರಿಂದ ಕೊಂಡ ಸೆಟ್ಟು. ಅಲ್ಲಿಯ ಕರೆಂಟು 120 ವೋಲ್ಟು, ಇಲ್ಲಿಯದು 230. ಹಾಗಾಗಿ ಪಕ್ಕದಲ್ಲಿ ಇಟ್ಟಿಗೆ ಗಾತ್ರದ ಒಂದು ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಸದಾ ಗುಂಯ್ ಅನ್ನುತ್ತಿತ್ತು. ಮೈಸೂರು ಅನಂತಸ್ವಾಮಿ, ಅಶ್ವತ್ಥ್, ಪಿ.ಬಿ. ಶ್ರೀನಿವಾಸ್, ಬೆಳಗ್ಗೆ ಮತ್ತೆ ಮಗ್ಗ. ತೀರಿಕೊಳ್ಳುವ ಮುಂಚಿನ ವರ್ಷ ಅವರು ಮಗನಿಗೆ ಹೇಳಿದ್ದು: "ಇದು ಹೋದ್ರೂ ಇದೇ ಕಂಪ್ನೀದು ತಗಳಪ್ಪ. ಬೇರೆ ಯಾವ್ದೂ ತರಬ್ಯಾಡ."

ಮಗ ಈಗ ದೇವನಹಳ್ಳಿ ಕಡೆ ಅಪಾರ್ಟ್‌ಮೆಂಟ್ ತಗೊಂಡಿದ್ದಾನೆ. ಹಾಲ್‌ಗೆ ಒಂದು ಒಳ್ಳೆ ಆಂಪ್ಲಿಫೈಯರ್ ಬೇಕು. ಬೇರೆ ಕಂಪನಿಯದ್ದೊಂದನ್ನು ಕೂತು ಕೇಳಿ ಮೆಚ್ಚಿಕೊಂಡಿದ್ದ, ಬೆಲೆಯೂ ಕೈಗೆಟುಕುವಂತಿತ್ತು. ಅವನು ನೋಡಿದ ಮರಾಂಟ್ಜ್ ಬೇಕಂದ್ರೆ ಮನೆ ಸಾಲದ ಮೇಲೆ ಇನ್ನೊಂದು ಇಎಂಐ. ಅತ್ತ ದೊಡ್ಡಬಳ್ಳಾಪುರದಲ್ಲಿ ಅಪ್ಪನ ಸೆಟ್ಟು ಎರಡು ವರ್ಷದಿಂದ ಬಾಯಿ ಮುಚ್ಚಿಕೊಂಡು ಕೂತಿತ್ತು, ಮೇಲೊಂದು ಟವಲ್ ಹೊದ್ದು. "ಬೇರೆ ತಗೊಂಡ್ರೆ ಅಪ್ಪನ ಮಾತು ಮೀರಿದ ಹಾಗಲ್ವಾ?" ಅಂತ ಕೇಳಿದ. ತಮಾಷೆಗೆ ಕೇಳಿದ್ದಲ್ಲ.

ಉತ್ತರ ಹೇಳುವ ಮೊದಲು, ಅಪ್ಪ ಹೇಳಿದ 'ಇದೇ ಕಂಪ್ನಿ' ಯಾವುದು ಅಂತ ನೋಡಬೇಕಲ್ಲ. ಅಲ್ಲೇ ಕಾಲು ಜಾರುತ್ತೆ.

ಸಾಲ್ ಮರಾಂಟ್ಜ್ ನ್ಯೂಯಾರ್ಕಿನವನು. ಎಲ್‌ಪಿ ರೆಕಾರ್ಡುಗಳು ಆಗಷ್ಟೇ ಬಂದಿದ್ದ ಕಾಲ. ತನಗೆ ಒಪ್ಪುವ ಪ್ರಿಆಂಪ್ಲಿಫೈಯರ್ ಮಾರ್ಕೆಟ್ಟಿನಲ್ಲಿ ಸಿಗಲಿಲ್ಲ ಅಂತ ತಾನೇ ಮಾಡಿಕೊಂಡ; ಸ್ನೇಹಿತರೂ ಕೇಳಿದರು; 1953ರಲ್ಲಿ ಕಂಪನಿ ಆಯ್ತು. ಹತ್ತೇ ವರ್ಷದಲ್ಲಿ ಅಮೆರಿಕದ ಅತ್ಯುತ್ತಮ ಆಂಪ್ಲಿಫೈಯರ್‌ಗಳ ಪಟ್ಟಿಯಲ್ಲಿ ಆ ಹೆಸರು ಬಂತು. ಆಮೇಲೆ 10ಬಿ ಅನ್ನೋ ಎಫ್‌ಎಂ ಟ್ಯೂನರ್ ಮಾಡಲು ಹೊರಟರು. ಎಂಜಿನಿಯರ್ ರಿಚರ್ಡ್ ಸೆಕ್ವೆರಾ ಅದನ್ನು ಎಲ್ಲೂ ರಾಜಿ ಮಾಡಿಕೊಳ್ಳದೆ ರೂಪಿಸಿದ, ಸಾಲ್ ಮರಾಂಟ್ಜ್ ರಾಜಿ ಮಾಡಿಕೋ ಅನ್ನಲೂ ಇಲ್ಲ. ಟ್ಯೂನರ್ ಅದ್ಭುತವಾಗಿ ಬಂತು. ಅದರ ಖರ್ಚಿಗೆ ಕಂಪನಿಯ ಸೊಂಟ ಮುರಿಯಿತು. 1964ರಲ್ಲಿ ಸೂಪರ್‌ಸ್ಕೋಪ್ ಅನ್ನೋ ಕಂಪನಿಗೆ ಮಾರಬೇಕಾಯ್ತು. ಕೆಲವು ವರ್ಷಗಳ ನಂತರ ಸಾಲ್ ಮರಾಂಟ್ಜ್ ಹೊರಬಂದ. ಮುಂದೆ ಡಾಲ್‌ಕ್ವಿಸ್ಟ್ ಅನ್ನೋ ಸ್ಪೀಕರ್ ಕಂಪನಿ ಕಟ್ಟಲು ಕೈಜೋಡಿಸಿದ. ಅವನದೇ ಹೆಸರು ಆ ಹೊತ್ತಿಗೆ ಬೇರೆಯವರ ಸ್ವತ್ತು.

ಅಂದರೆ ದೊಡ್ಡಬಳ್ಳಾಪುರದ ಮನೆಗೆ ಬಂದ ನೀಲಿ ಡಯಲಿನ ಸೆಟ್ಟು ತಯಾರಾಗುವ ಹೊತ್ತಿಗೇ ಮರಾಂಟ್ಜ್ ಕಂಪನಿಯಲ್ಲಿ ಮರಾಂಟ್ಜ್ ಇರಲಿಲ್ಲ. ತಯಾರಿ ಬಹುಪಾಲು ಜಪಾನಿಗೆ ಹೋಗಿತ್ತು. 1980ರಲ್ಲಿ ಉತ್ತರ ಅಮೆರಿಕದ ಹೊರಗಿನ ಹಕ್ಕು ಫಿಲಿಪ್ಸ್‌ಗೆ ಹೋಯ್ತು. 2002ರಲ್ಲಿ ಡೆನಾನ್ ಜೊತೆ ಸೇರಿ ಡಿ ಅಂಡ್ ಎಂ ಆಯ್ತು. 2017ರಲ್ಲಿ ಸೌಂಡ್ ಯುನೈಟೆಡ್, 2022ರಲ್ಲಿ ಮಾಸಿಮೊ, 2025ರಲ್ಲಿ ಹರ್ಮನ್. ಎಪ್ಪತ್ತು ಚಿಲ್ಲರೆ ವರ್ಷದಲ್ಲಿ ಏಳು ಮನೆ. ಅಪ್ಪ ನಂಬಿದ್ದು ಇವರಲ್ಲಿ ಯಾರನ್ನ?

'ಯಾರಾದರೇನು, ಹೆಸರು ಅದೇ ತಾನೆ' ಅನ್ನಬಹುದು. ನಾಮವೊಂದಿದ್ದರೆ ಸಾಕು, ದೇವರ ಹಂಗೂ ಬೇಡ ಅಂತ ನಮ್ಮ ದಾಸರು ಹಾಡಿದ್ದಾರೆ. ದೇವರ ವಿಷಯದಲ್ಲಿ ಅದು ನಡೆಯುತ್ತೆ, ಯಾಕಂದ್ರೆ ಆ ನಾಮವನ್ನು ಯಾರೂ ರಿಜಿಸ್ಟರ್ ಮಾಡಿಸಿ ಮಾರಿಕೊಂಡಿಲ್ಲ. ಕಂಪನಿಯ ಹೆಸರಿನ ಕತೆ ಹಾಗಲ್ಲ. ನಮ್ಮದೇ 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯ 38ನೇ ಸೆಕ್ಷನ್ ನೋಡಿ. ರಿಜಿಸ್ಟರ್ ಆದ ಟ್ರೇಡ್‌ಮಾರ್ಕನ್ನು ವ್ಯಾಪಾರದ ಗುಡ್‌ವಿಲ್ ಜೊತೆಗಾದರೂ ವರ್ಗಾಯಿಸಬಹುದು, ಗುಡ್‌ವಿಲ್ ಇಲ್ಲದೆಯಾದರೂ ವರ್ಗಾಯಿಸಬಹುದು. ಬಿಡಿಸಿ ಹೇಳಿದರೆ, ಕಾರ್ಖಾನೆ, ಕೆಲಸಗಾರರು, ಕೈಚಳಕ ಎಲ್ಲವನ್ನೂ ಅಲ್ಲೇ ಬಿಟ್ಟು ಬರೀ ಹೆಸರನ್ನು ಎತ್ತಿಕೊಂಡು ಹೋಗಿ ಇನ್ನೊಂದು ಡಬ್ಬದ ಮೇಲೆ ಅಂಟಿಸಿದರೂ ಕಾನೂನು ಅದನ್ನು ತಾನಾಗಿ ತಡೆಯಲ್ಲ. ನಮ್ಮ ಹೃದಯ ಅಂಟಿಕೊಂಡಿರೋದು ಯಾವುದಕ್ಕೋ ಅದನ್ನೇ ಸುಲಿದು ಬೇರೆ ಮಾಡಿ ಮಾರಬಹುದು.

ಇದರ ಪಕ್ಕದಲ್ಲಿ ಇನ್ನೊಂದು ಹೆಸರು ಇಟ್ಟು ನೋಡಿ. ದೇವನಹಳ್ಳಿ ಚಕ್ಕೋತ. ತೊಳೆ ಬಿಡಿಸಿದರೆ ಕೆಂಪು ಮಿಶ್ರಿತ ಗುಲಾಬಿ, ಬೇರೆ ಕಡೆಯ ಚಕ್ಕೋತದ ಕಹಿ ಅದಕ್ಕಿಲ್ಲ. ಅದಕ್ಕೆ ಭೌಗೋಳಿಕ ಸೂಚಿ, ಅಂದರೆ ಜಿಐ ಟ್ಯಾಗ್ ಇದೆ. ಟ್ರೇಡ್‌ಮಾರ್ಕ್ ಕಾಯ್ದೆ ಬಂದ ವರ್ಷವೇ ಬಂದ ಜಿಐ ಕಾಯ್ದೆಯ 24ನೇ ಸೆಕ್ಷನ್ ಹೇಳೋದು ಪೂರ್ತಿ ಉಲ್ಟಾ. ಈ ಹೆಸರಿನ ಹಕ್ಕನ್ನು ಮಾರುವಂತಿಲ್ಲ, ಲೈಸೆನ್ಸ್ ಕೊಡುವಂತಿಲ್ಲ, ಅಡವಿಡುವಂತಿಲ್ಲ. ಎಷ್ಟೇ ದುಡ್ಡಿದ್ದರೂ 'ದೇವನಹಳ್ಳಿ ಚಕ್ಕೋತ' ಅನ್ನೋ ಹೆಸರನ್ನು ಕೊಂಡು ಬೇರೆ ರಾಜ್ಯದ ತೋಟದ ಹಣ್ಣಿಗೆ ಹಚ್ಚೋಕೆ ಆಗಲ್ಲ. ಹೆಸರು ಮಣ್ಣಿಗೆ ಕಟ್ಟಿಹಾಕಿದ್ದು.

ಹಾಗಾದರೆ ಚಕ್ಕೋತ ಗೆದ್ದಿತಾ? ಅದೂ ಇಲ್ಲ. 2008ರಲ್ಲಿ ವಿಮಾನ ನಿಲ್ದಾಣ ಶುರುವಾದ ಮೇಲೆ ದೇವನಹಳ್ಳಿ ಸುತ್ತ ಏನಾಯ್ತು ಅಂತ ಆ ರಸ್ತೆಯಲ್ಲಿ ಓಡಾಡುವ ನಮಗೆಲ್ಲ ಗೊತ್ತು. ತೋಟಗಳು ಲೇಔಟ್ ಆದವು. ಹೆಸರು ಮಾರೋಕಾಗಲ್ಲ, ನೆಲ ಮಾರಬಹುದಲ್ಲ. ಮರಾಂಟ್ಜ್‌ನಲ್ಲಿ ಹೆಸರು ಊರೂರು ಅಲೆಯಿತು, ಚಕ್ಕೋತದಲ್ಲಿ ಹೆಸರು ಅಲ್ಲೇ ಕೂತಿದೆ, ಮರಗಳು ಹೋಗುತ್ತಿವೆ. ಎರಡೂ ಕತೆ ಹೇಳೋದು ಒಂದೇ: ಹೆಸರಿಗೆ ಏನನ್ನೂ ಕಾಪಾಡುವ ಶಕ್ತಿ ಇಲ್ಲ. ಯಾರೋ ಒಬ್ಬರು ಆ ಹೆಸರಿನ ಹಿಂದೆ ನಿಂತು ನೀರು ಹಾಕಬೇಕು.

ಇಲ್ಲಿಗೆ ನನಗೆ ನಮ್ಮ ಪುಣ್ಯಕೋಟಿ ನೆನಪಾಗುತ್ತಾಳೆ. ಗೋವಿನ ಹಾಡು ಕೇಳದೆ ಬೆಳೆದ ಕನ್ನಡ ಮಕ್ಕಳು ಕಡಿಮೆ. ಚಿಕ್ಕಂದಿನಲ್ಲಿ ಆ ಕತೆಯನ್ನು ಸತ್ಯದ ಕತೆ ಅಂತ ಕೇಳುತ್ತೇವೆ. ನಿಷ್ಠೆಯ ಕತೆ ಅಂತ ಕೇಳಿ ನೋಡಿ. ಕರುವಿಗೆ ಹಾಲು ಕೊಟ್ಟು ವಾಪಸ್ ಗುಹೆಗೆ ಹೋದಳಲ್ಲ, ಅವಳು ನಿಷ್ಠಳಾಗಿದ್ದದ್ದು ಯಾರಿಗೆ? ಹುಲಿಗಂತೂ ಅಲ್ಲ. ಹುಲಿಯ ಮೇಲೆ ಅವಳಿಗೆ ಯಾವ ಪ್ರೀತಿ, ಯಾವ ಋಣ? ಅವಳು ನಿಷ್ಠಳಾಗಿದ್ದದ್ದು ತಾನು ಕೊಟ್ಟ ಮಾತಿಗೆ. ಹುಲಿ ಆ ಮಾತನ್ನು ಕೇಳಿಸಿಕೊಂಡ ಸಾಕ್ಷಿ ಮಾತ್ರ.

ಬ್ರ್ಯಾಂಡ್ ಅನ್ನೋದನ್ನೂ ಹೀಗೇ ನೋಡಬೇಕು ಅಂತ ನನ್ನ ವಾದ. ಒಳ್ಳೆಯ ಬ್ರ್ಯಾಂಡ್ ಅಂದ್ರೆ ಲೋಗೋ ಅಲ್ಲ, ಕೊಟ್ಟ ಒಂದು ಮಾತು. 'ಇದನ್ನು ಹೀಗೆ ಮಾಡ್ತೀವಿ, ಇಲ್ಲಿ ರಾಜಿ ಮಾಡ್ಕೊಳ್ಳಲ್ಲ, ಕೆಟ್ಟರೆ ಕೈಬಿಡಲ್ಲ' ಅನ್ನೋ ಮಾತು. ಹೆಸರನ್ನು ಮಾರಬಹುದು. ಮಾತನ್ನು ಮಾರೋಕಾಗಲ್ಲ. ಕೊಂಡವನು ಹೊಸದಾಗಿ ಮತ್ತೆ ಮಾತು ಕೊಡಬೇಕು, ಮತ್ತೆ ಉಳಿಸಿಕೊಳ್ಳಬೇಕು. ಅವನು ಕೊಟ್ಟಿದ್ದಾನಾ, ಉಳಿಸಿಕೊಳ್ಳುತ್ತಿದ್ದಾನಾ ಅಂತ ನೋಡುವ ಹಕ್ಕೂ ನಮಗಿದೆ, ಜವಾಬ್ದಾರಿಯೂ ಇದೆ. ಅದನ್ನು ನೋಡದೆ ಹೆಸರು ಕಂಡ ಕೂಡಲೇ ಕೈಮುಗಿಯೋದು ನಿಷ್ಠೆ ಅಲ್ಲ, ಬರೀ ಅಭಿಮಾನ. ಅಭಿಮಾನಿಗೆ ಕಣ್ಣು ಮುಚ್ಚಿಕೊಳ್ಳುವ ಸ್ವಾತಂತ್ರ್ಯ ಇದೆ. ನಿಷ್ಠನಿಗೆ ಇಲ್ಲ.

ಮಾತು ಉಳಿಸಿಕೊಳ್ಳೋದು ಹೇಗಿರುತ್ತೆ ಅನ್ನೋದಕ್ಕೆ ಆಡಿಯೊ ಲೋಕದಲ್ಲೇ ಒಂದು ಉದಾಹರಣೆ ಇದೆ. ಸ್ಕಾಟ್ಲೆಂಡಿನ ಲಿನ್ ಕಂಪನಿ 1973ರಲ್ಲಿ ಸಾಂಡೆಕ್ ಎಲ್‌ಪಿ 12 ಅನ್ನೋ ರೆಕಾರ್ಡ್ ಪ್ಲೇಯರ್ ಶುರುಮಾಡಿತು. ಐವತ್ತು ವರ್ಷ ದಾಟಿದರೂ ಅದೇ ಹೆಸರಿನಲ್ಲಿ ಇನ್ನೂ ಮಾಡುತ್ತಿದೆ. ಬೇರಿಂಗ್ ಬದಲಾಯ್ತು, ಒಳಗಿನ ಸಬ್‌ಚಾಸಿ ಬದಲಾಯ್ತು, ಪವರ್ ಸಪ್ಲೈ ಬದಲಾಯ್ತು, ಮೋಟಾರ್ ಬದಲಾಯ್ತು. ಆದರೆ ಪ್ರತಿಸಲ ಹೊಸ ಭಾಗ ಮಾಡಿದಾಗಲೂ ಅದು ಹಳೇ ಪ್ಲೇಯರಿಗೆ ಕೂರುವ ಹಾಗೆ ನೋಡಿಕೊಂಡರು. ಎಪ್ಪತ್ತರ ದಶಕದಲ್ಲಿ ಕೊಂಡವನು ಇವತ್ತು ಅದನ್ನೇ ಹಂತಹಂತವಾಗಿ ಹೊಸದರ ಮಟ್ಟಕ್ಕೆ ತರಬಹುದು. ಹಿಡಿಯೂ ಬದಲಾಗಿ, ಅಲಗೂ ಬದಲಾದ ಮೇಲೆ ಅದು ಅಜ್ಜನ ಕೊಡಲಿಯೇನಾ ಅಂತ ತತ್ವಶಾಸ್ತ್ರದವರು ಕೇಳುತ್ತಾರಲ್ಲ, ಆ ಪ್ರಶ್ನೆಗೆ ಇದು ನನ್ನ ಪ್ರಕಾರ ಒಳ್ಳೆ ಉತ್ತರ. ಹೌದು, ಅದು ಅಜ್ಜನದೇ. ಯಾಕಂದ್ರೆ ಮರ ಬದಲಾಯ್ತು, ಕಬ್ಬಿಣ ಬದಲಾಯ್ತು, ಕೊಟ್ಟ ಮಾತು ಬದಲಾಗಲಿಲ್ಲ. ಇದೂ ಪುಕ್ಕಟೆ ಅಲ್ಲ ಅನ್ನಿ. ಆ ಭಾಗಗಳ ಬೆಲೆ ಕೇಳಿದರೆ ತಲೆ ತಿರುಗುತ್ತೆ. ಮಾತು ಉಳಿಸಿಕೊಳ್ಳೋದು ಅವರಿಗೆ ವ್ಯಾಪಾರವೂ ಹೌದು. ಆದರೂ ಹಳೆಯದನ್ನು ಎಸೆಯಿರಿ ಅನ್ನುವ ವ್ಯಾಪಾರಕ್ಕೂ, ಹಳೆಯದನ್ನು ಇಟ್ಟುಕೊಳ್ಳಿ ಅನ್ನುವ ವ್ಯಾಪಾರಕ್ಕೂ ವ್ಯತ್ಯಾಸ ಇದೆಯಲ್ಲ.

ಯಜಮಾನರು ಬದಲಾದರೆ ಮಾತು ಸತ್ತೇ ಹೋಗಬೇಕು ಅಂತಲೂ ಇಲ್ಲ. ಮರಾಂಟ್ಜ್‌ನಲ್ಲೇ ಕೆನ್ ಇಶಿವಾಟಾ ಅನ್ನೋ ಎಂಜಿನಿಯರ್ ಇದ್ದ. 1978ರಲ್ಲಿ ಸೇರಿದ, 2019ರಲ್ಲಿ ಬಿಟ್ಟ. ಅದೇ ವರ್ಷದ ಕೊನೆಯಲ್ಲಿ ತೀರಿಕೊಂಡ. ಸೂಪರ್‌ಸ್ಕೋಪ್ ಕಾಲದಲ್ಲಿ ಬಂದವನು ಫಿಲಿಪ್ಸ್ ನೋಡಿದ, ಡಿ ಅಂಡ್ ಎಂ ನೋಡಿದ, ಸೌಂಡ್ ಯುನೈಟೆಡ್ ನೋಡಿದ. ಬೋರ್ಡ್‌ರೂಮಿನಲ್ಲಿ ಕುರ್ಚಿಗಳು ಬದಲಾಗುತ್ತಿದ್ದಾಗ ಇವನು ಸಾಧಾರಣ ಬೆಲೆಯ ಸಿಡಿ ಪ್ಲೇಯರನ್ನೂ ಆಂಪ್ಲಿಫೈಯರನ್ನೂ ಮುಂದಿಟ್ಟುಕೊಂಡು, ಯಾವ ಭಾಗ ಬದಲಿಸಿದರೆ ಹಾಡು ಇನ್ನಷ್ಟು ಹತ್ತಿರ ಬರುತ್ತೆ ಅಂತ ಕಿವಿಗೊಟ್ಟು ಕೇಳುತ್ತಿದ್ದ. ಅವನ ಹೆಸರಿನ ಮೊದಲಕ್ಷರಗಳು ಮೂಡಿದ ಮಾಡೆಲ್‌ಗಳನ್ನು ಜನ ಇಂದಿಗೂ ಹುಡುಕಿ ಕೊಳ್ಳುತ್ತಾರೆ. ನಲವತ್ತೊಂದು ವರ್ಷ ಮರಾಂಟ್ಜ್ ಅನ್ನೋದು ಎಲ್ಲಿತ್ತು ಅಂತ ಕೇಳಿದರೆ, ಷೇರು ಪತ್ರಗಳಲ್ಲಿ ಇದ್ದದ್ದಕ್ಕಿಂತ ಹೆಚ್ಚಾಗಿ ಆ ಒಬ್ಬನ ಕಿವಿಯಲ್ಲಿತ್ತು.

ಹಾಗಾಗಿ ಹೊಸ ಯಜಮಾನ ಬಂದ ಅಂತ ಮೂಗು ಮುರಿಯೋದೂ ಅನ್ಯಾಯ. ಹರ್ಮನ್‌ಗೆ ಬೆಂಗಳೂರಿನಲ್ಲಿ ಆಫೀಸಿದೆ, ಸ್ಯಾಮ್‌ಸಂಗ್‌ಗೆ ಇಲ್ಲಿ ದೊಡ್ಡ ಸಂಶೋಧನಾ ಕೇಂದ್ರವೇ ಇದೆ. ನಾಳೆ ಮರಾಂಟ್ಜ್‌ನ ಯಾವುದೋ ಮಾಡೆಲ್‌ಗೆ ಕೋಡ್ ಬರೆಯೋದು ಇದನ್ನು ಓದುತ್ತಿರುವ ನಿಮ್ಮಲ್ಲೇ ಒಬ್ಬರಿರಬಹುದು. ಆ ಸೀಟಿನಲ್ಲಿ ಕೂತವರು ಮಾತು ಉಳಿಸಿದರೆ ಹೆಸರು ಉಳಿಯಿತು. ಅನುಮಾನಪಡಬೇಕಾದ್ದು ಬೇರೆಯದಕ್ಕೆ, ನೆನಪನ್ನೇ ಮಾರುವುದಕ್ಕೆ. ಈಚಿನ ಮರಾಂಟ್ಜ್ ಮಾಡೆಲ್‌ಗಳ ಮುಖದ ಮೇಲೆ ಹಳೇ ಕಾಲದ ದುಂಡನೆಯ ಕಿಂಡಿ ಮತ್ತೆ ಬಂದಿದೆ. ನೋಡೋಕೆ ಚೆನ್ನಾಗಿದೆ. ಆದರೆ ಕಿಂಡಿ ಮಾತಲ್ಲ. ಅಪ್ಪನ ನೆನಪು ಬರಲಿ ಅಂತ ಇಟ್ಟ ಕಿಂಡಿಗೆ ದುಡ್ಡು ಕೊಡುತ್ತಿದ್ದೇವಾ, ಒಳಗಿನ ಕೆಲಸಕ್ಕೆ ಕೊಡುತ್ತಿದ್ದೇವಾ ಅಂತ ಒಂದು ಕ್ಷಣ ನಿಂತು ಕೇಳಿಕೊಳ್ಳೋದು ಅಪ್ಪನಿಗೆ ಮಾಡುವ ಅವಮಾನವೇನಲ್ಲ.

ಇದು ಕಂಪನಿಯ ಕಡೆಯ ಮಾತಾಯ್ತು. ನಮ್ಮ ಕಡೆಯದು? ನಿಷ್ಠ ಗ್ರಾಹಕ ಅಂದ್ರೆ ಕಂಪನಿಗಳ ಲೆಕ್ಕದಲ್ಲಿ ಮತ್ತೆ ಮತ್ತೆ ಕೊಳ್ಳುವವನು. ಅದಕ್ಕೇ ಪಾಯಿಂಟ್ಸು, ಗೋಲ್ಡ್ ಕಾರ್ಡು. ಅರ್ಥಶಾಸ್ತ್ರಜ್ಞ ಆಲ್ಬರ್ಟ್ ಹರ್ಷ್‌ಮನ್ 1970ರ ತನ್ನ ಪುಸ್ತಕದಲ್ಲಿ ಇದನ್ನು ಬೇರೆ ಥರ ನೋಡಿದ. ಒಂದು ಸಂಸ್ಥೆ ಕೆಡುತ್ತಾ ಬಂದರೆ ನಮಗೆ ಎರಡು ದಾರಿ. ಸುಮ್ಮನೆ ಬಿಟ್ಟು ಹೋಗೋದು, ಇಲ್ಲವೇ ನಿಂತು ದನಿ ಎತ್ತೋದು. ನಿಷ್ಠೆ ಮಾಡುವ ಕೆಲಸ ಏನಂದ್ರೆ, ಮೊದಲನೇ ದಾರಿಯನ್ನು ಸ್ವಲ್ಪ ತಡೆದು ಎರಡನೆಯದಕ್ಕೆ ಸಮಯ ಕೊಡೋದು. ಈ ಲೆಕ್ಕದಲ್ಲಿ ನಿಜವಾದ ನಿಷ್ಠಾವಂತ ಯಾರು? ಪ್ರತಿ ಹೊಸ ಮಾಡೆಲ್ ಕೊಳ್ಳುವವನಲ್ಲ. 'ಹಳೇ ಸೆಟ್ಟಿನ ಸರ್ಕ್ಯೂಟ್ ಡಯಾಗ್ರಾಮ್ ಯಾಕೆ ಕೊಡಲ್ಲ? ಸ್ಪೇರ್ ಎಷ್ಟು ವರ್ಷ ಸಿಗುತ್ತೆ? ಆ್ಯಪ್ ನಿಲ್ಲಿಸಿದ ದಿನ ಈ ಡಬ್ಬ ಏನಾಗುತ್ತೆ?' ಅಂತ ಪಟ್ಟುಹಿಡಿದು ಕೇಳುವವನು. ಕೇಂದ್ರ ಸರ್ಕಾರ 2022ರಲ್ಲಿ ರಿಪೇರಿ ಹಕ್ಕಿನ ಬಗ್ಗೆ ಸಮಿತಿ ಮಾಡಿ, ಪೋರ್ಟಲ್ಲೂ ಶುರುಮಾಡಿತು. ನಮ್ಮಲ್ಲಿ ಎಷ್ಟು ಜನ ಏನಾದರೂ ಕೊಳ್ಳುವ ಮುಂಚೆ ಅಂಗಡಿಯಲ್ಲಿ ರಿಪೇರಿಯ ಮಾತೆತ್ತುತ್ತೇವೆ? ಡಿಸ್ಕೌಂಟ್ ಕೇಳ್ತೀವಿ.

ಕಂಪನಿಯೇ ಇಲ್ಲದಿದ್ದರೂ ನಿಷ್ಠೆ ಇರಬಹುದಾ? ಇರಬಹುದು, ಅದಕ್ಕೆ ಸಾಕ್ಷಿ ನಮ್ಮ ಬೆಂಗಳೂರಿನದೇ. 1961ರಲ್ಲಿ ಜಪಾನಿನ ಸಿಟಿಜನ್ ಜೊತೆ ಸೇರಿ ಎಚ್‌ಎಂಟಿ ಇಲ್ಲಿ ವಾಚ್ ಮಾಡಲು ಶುರುಮಾಡಿತು. 2016ರಲ್ಲಿ ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. ಕಾರ್ಖಾನೆ ಹೋಯ್ತು, ಮುಖ ಮಾತ್ರ ಹೊಸದಾಗಿ ಬಣ್ಣ ಬಳಿದ ಕಲಬೆರಕೆ ವಾಚುಗಳೂ ಬಂದವು. ಆದರೂ ತಾತನ ಜನತಾ ವಾಚಿಗೆ ಬೆಳಗ್ಗೆ ಕೀ ಕೊಟ್ಟು ಕಟ್ಟಿಕೊಳ್ಳುವವರು ಇದ್ದಾರೆ. ಇವರ ನಿಷ್ಠೆಯಿಂದ ಯಾವ ಷೇರುದಾರನಿಗೂ ಪೈಸೆ ಲಾಭವಿಲ್ಲ. ಆ ವಾಚು ಓಡುತ್ತಿರೋದು ಎಲ್ಲೋ ಗಲ್ಲಿಯಲ್ಲಿ ಕಣ್ಣಿಗೆ ಭೂತಗಾಜು ಸಿಕ್ಕಿಸಿಕೊಂಡು ಕೂತ ರಿಪೇರಿಯವನಿಂದ. ಮಾತು ಕೊಟ್ಟದ್ದು ಕಂಪನಿ, ಉಳಿಸುತ್ತಿರೋದು ಅವನು. ಹಾಗಾದರೆ ನಮ್ಮ ಋಣ ಯಾರಿಗೆ? ಅವನ ಹತ್ತಿರ ಐವತ್ತು ರೂಪಾಯಿಗೆ ಚೌಕಾಸಿ ಮಾಡಿ, ಶೋರೂಮಿನಲ್ಲಿ ಬಿಲ್ ಹಾಕಿದಷ್ಟೂ ಕೊಟ್ಟು ಬರುವ ನಮ್ಮ ಪದ್ಧತಿಯಲ್ಲಿ ಏನೋ ಉಲ್ಟಾ ಇದೆ.

ಇದು ಬರೀ ಮಷೀನುಗಳ ವಿಷಯವೂ ಅಲ್ಲ. ಶುಕ್ರವಾರ ಒಂದು ಕಂಪನಿಯ ಐಡಿ ಕಾರ್ಡ್ ಬಿಚ್ಚಿಟ್ಟು, ಸೋಮವಾರ ಅದೇ ಸೀಟಿಗೆ ಇನ್ನೊಂದು ಕಂಪನಿಯ ಕಾರ್ಡ್ ಹಾಕಿಕೊಂಡು ಬರುವ ಅನುಭವ ಈ ಊರಿನಲ್ಲಿ ಸಾವಿರಾರು ಜನಕ್ಕೆ ಆಗಿದೆ. ಟೌನ್‌ಹಾಲ್ ಮೀಟಿಂಗಿನಲ್ಲಿ 'ನಾವೆಲ್ಲ ಒಂದೇ ಕುಟುಂಬ' ಅಂದವರು ಮುಂದಿನ ಕ್ವಾರ್ಟರ್‌ನಲ್ಲಿ ಕುಟುಂಬದ ಗಾತ್ರ ಕಡಿಮೆ ಮಾಡುತ್ತಾರೆ. ಅದನ್ನು ನೋಡಿ ನೋಡಿ ನಿಷ್ಠೆ ಅನ್ನೋದೇ ಮೂರ್ಖರ ಗುಣ ಅನ್ನೋ ತೀರ್ಮಾನಕ್ಕೆ ನಮ್ಮ ತಲೆಮಾರು ಬಂದುಬಿಟ್ಟಿದೆ. ನನಗೆ ಅದು ಅರ್ಧ ಸರಿ ಅನ್ನಿಸುತ್ತೆ. ಲೋಗೋಗೆ ನಿಷ್ಠೆ ಮೂರ್ಖತನವೇ. ಆದರೆ ಪಕ್ಕದ ಸೀಟಿನವರಿಗೆ ಕೊಟ್ಟ ಮಾತು, ರಿವ್ಯೂ ಮಾಡದೆ ಕೋಡ್ ಬಿಡಲ್ಲ ಅನ್ನೋ ಹಟ, ಎಂದೂ ಮುಖ ನೋಡದ ಗ್ರಾಹಕನಿಗೆ ಸುಳ್ಳು ಹೇಳಲ್ಲ ಅನ್ನೋ ಗೆರೆ, ಇವು ಯಾವ ಐಡಿ ಕಾರ್ಡ್ ಜೊತೆಗೂ ಬಂದದ್ದಲ್ಲ, ಕಾರ್ಡ್ ವಾಪಸ್ ಕೊಟ್ಟಾಗ ಹೋಗುವಂಥದ್ದೂ ಅಲ್ಲ. ಏಳು ಯಜಮಾನರ ಕಂಪನಿಯಲ್ಲಿ ನಲವತ್ತೊಂದು ವರ್ಷ ಇದ್ದ ಇಶಿವಾಟಾ ಯಾವ ಯಜಮಾನನ ಬಂಟನೂ ಆಗಿರಲಿಲ್ಲ ಅಂತಲೇ ನಾನು ಅಂದುಕೊಂಡಿದ್ದೇನೆ.

ದೊಡ್ಡಬಳ್ಳಾಪುರದ ಗೆಳೆಯ ಕೊನೆಗೆ ಒಂದು ಕೆಲಸ ಮಾಡಿದ. ಅಪ್ಪ ಯಾಕೆ ಹಾಗೆ ಹೇಳಿದ್ದರು ಅಂತ ಅಮ್ಮನನ್ನು ಕೇಳಿದ. ಅಮ್ಮ ಹೇಳಿದ್ದು, ಶಬ್ದದ ಗುಣ ಗಿಣ ಅಂತೇನೂ ಅಲ್ಲ. "ಬಿಚ್ಚಿದ್ರೆ ಒಳಗೆ ಎಲ್ಲಾ ಕಾಣುಸ್ತದೆ, ಮಗ್ಗ ಇದ್ದಂಗೆ, ಕೆಟ್ಟಿದ್ ಎಲ್ಲಿ ಅಂತ ತಿಳೀತದೆ ಅನ್ನೋರು ನಿಮ್ಮಪ್ಪ." ಮಗ್ಗದ ಒಂದೊಂದು ಕೀಲನ್ನೂ ತಾವೇ ಬಿಚ್ಚಿ, ಎಣ್ಣೆ ಬಿಟ್ಟು, ಜೋಡಿಸಿದ ಮನುಷ್ಯ. ಅವರು 'ಇದೇ ಕಂಪ್ನಿ' ಅಂದದ್ದರಲ್ಲಿ ಕಂಪನಿಗಿಂತ 'ಇದೇ ಥರ' ಅನ್ನೋದೇ ಹೆಚ್ಚಿತ್ತು. ಸತ್ತವರ ಮಾತಿಗೆ ನಿಷ್ಠರಾಗಿರೋದು ಅಂದ್ರೆ ಅವರ ಪದಗಳನ್ನು ಹಿಡಿದುಕೊಳ್ಳೋದಾ, ಪದಗಳ ಹಿಂದಿನ ಕಾರಣವನ್ನಾ? ಪದ ಹಿಡಿದರೆ ಇಎಂಐ. ಕಾರಣ ಹಿಡಿದರೆ ಸ್ವಲ್ಪ ಕೆಲಸ.

ಅವನು ಸೆಟ್ಟನ್ನು ಬೆಂಗಳೂರಿನ ಒಬ್ಬ ಹಳೇ ಮೆಕ್ಯಾನಿಕ್ ಹತ್ತಿರ ಹೊತ್ತು ತಂದ. ನಲವತ್ತು ಐವತ್ತು ವರ್ಷ ಆದ ಯಾವ ಸೆಟ್ಟಿನಲ್ಲೂ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳ ಒಳಗಿನ ದ್ರವ ಒಣಗುತ್ತೆ, ಅವನ್ನು ಬದಲಿಸಬೇಕಾಯ್ತು. ರಿಲೇಯ ಕಾಂಟ್ಯಾಕ್ಟ್‌ಗಳು ಕಪ್ಪಾಗಿದ್ದವು. ಡಯಲಿನ ಪುಟ್ಟ ಬಲ್ಬುಗಳು ಸುಟ್ಟಿದ್ದವು. ಮೂರು ವಾರ ಹಿಡಿಯಿತು. ಮೆಕ್ಯಾನಿಕ್ ಕೇಳಿದ್ದಕ್ಕಿಂತ ಎರಡು ಸಾವಿರ ಹೆಚ್ಚು ಕೊಟ್ಟು ಬಂದ. ಸೆಟ್ಟು ದೊಡ್ಡಬಳ್ಳಾಪುರದಲ್ಲೇ, ಅಮ್ಮನ ಹತ್ತಿರವೇ ಉಳಿಯಿತು. ತನ್ನ ಹಾಲ್‌ಗೆ ಆ ಬೇರೆ ಕಂಪನಿಯ ಆಂಪ್ಲಿಫೈಯರ್ ತಗೊಂಡ. ಕೊಳ್ಳುವ ಮುಂಚೆ ಅಂಗಡಿಯವನನ್ನು ಅದರ ಮೇಲ್ಮುಚ್ಚಳ ತೆಗೆದು ತೋರಿಸಿ ಅಂತ ಕೇಳಿದನಂತೆ. ಅಂಗಡಿಯವನು ವಿಚಿತ್ರವಾಗಿ ನೋಡಿದ, ಆಮೇಲೆ ಸ್ಕ್ರೂಡ್ರೈವರ್ ತಂದ.

ಇದು ಎಲ್ಲರಿಗೂ ಸರಿಹೋಗುವ ಉತ್ತರ ಅಂತ ನಾನು ಹೇಳ್ತಿಲ್ಲ. ಇನ್ನೊಬ್ಬ ಮಗ ಅದೇ ಪ್ರೀತಿಯಿಂದ ಸಾಲ ಮಾಡಿ ಮರಾಂಟ್ಜೇ ತಂದರೆ ಅದು ತಪ್ಪೂ ಅಲ್ಲ. ಒಳಗಿನ ಕೆಲಸ ನೋಡಿ, ಕೇಳಿ, ಮೆಚ್ಚಿ ತಂದಿದ್ದರೆ ಅವನೂ ನಿಷ್ಠನೇ. ಇಬ್ಬರಲ್ಲೂ ನಾನು ಹುಡುಕೋದು ಒಂದನ್ನೇ: ಕೊಳ್ಳುವಾಗ ಅವರ ಕಣ್ಣು ತೆರೆದಿತ್ತಾ? ಕೊಂಡ ಮೇಲೆ ಅದನ್ನು ನೋಡಿಕೊಳ್ಳುತ್ತಾರಾ? ನಿಷ್ಠೆಯನ್ನು ಬಿಲ್ ಕಟ್ಟುವ ದಿನ ಅಳೆಯೋಕಾಗಲ್ಲ. ಹತ್ತು ವರ್ಷ ಆದ ಮೇಲೆ, ಒಂದು ರಾತ್ರಿ ಎಡಗಡೆ ಚಾನೆಲ್ ಕರಕರ ಅನ್ನೋಕೆ ಶುರುಮಾಡಿದಾಗ, ಎಕ್ಸ್‌ಚೇಂಜ್ ಆಫರ್ ಹುಡುಕ್ತೀವಾ ಸ್ಕ್ರೂಡ್ರೈವರ್ ಹುಡುಕ್ತೀವಾ ಅನ್ನೋದರಲ್ಲಿ ಅದು ತಿಳಿಯುತ್ತೆ.